ರಿಲೀವರ್ ಇಲ್ಲದ ಹೆಲಿಕಾಪ್ಟರ್

ಅಪ್ಪಲರಾಜುವನ್ನು ಕೊಂದದ್ದು ಕಡಲಲ್ಲ, ನೀವು. ಕಡಲಿನಲ್ಲಿ ತೈಲ ಕೊರೆಯುವ ರಿಗ್‌ಗಳನ್ನು ನಡೆಸುವ ಕಂಪನಿಯ ಮೇಲಧಿಕಾರಿಗಳೇ, ಆ ಕಂಪನಿಗೆ ಗುತ್ತಿಗೆ ಕೊಟ್ಟು ಬೇರೆ ಕಡೆ ನೋಡುತ್ತ ಕುಳಿತವರೇ, ಅಲ್ಲಿಯ ಸುರಕ್ಷತೆಯನ್ನು ತನಿಖೆ ಮಾಡಬೇಕಾಗಿದ್ದವರೇ, ಈ ಬರಹ ನಿಮ್ಮನ್ನು ಉದ್ದೇಶಿಸಿಯೇ ಇದೆ. ತೈಲದ ಬೆಲೆ ಇಳಿಯಿತೆಂದು ನೀವು ಜನರನ್ನು ಕಡಿತ ಮಾಡಿದಿರಿ. ಜನರ ಜೊತೆಯಲ್ಲಿ, ಒಬ್ಬ ಕೆಲಸಗಾರ ಇನ್ನೊಬ್ಬನ ಎದುರು ನಿಂತು ಕೆಲವು ಮಾತು ಹೇಳಲು ಬೇಕಾಗುವ ಹೊತ್ತನ್ನೂ ಕಡಿತ ಮಾಡಿದಿರಿ. ನಿಮ್ಮ ವರದಿಗಳಲ್ಲಿ ಅದಕ್ಕೆ ಉಳಿತಾಯವೆಂದು ಹೆಸರಿರಬಹುದು. ಆ ಉಳಿತಾಯ ನಮ್ಮ ಮನೆಯಲ್ಲಿ ಇಂದಿಗೂ ಓಡಾಡುತ್ತಿದೆ. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಬಂದು ನಮ್ಮ ನಡುವೆ ಕೂರುತ್ತದೆ.

ಕಳೆದ ವಾರ ಕೊಡ್ಲಿಪೇಟೆಯ ಕಡೆಗೆ ಹೋಗುತ್ತಿದ್ದಾಗ ಬಸ್ಸು ಒಂದು ತೋಟದ ಗೇಟಿನ ಮುಂದೆ ನಿಂತಿತು. ಒಳಗೆ ಬೋರ್‌ವೆಲ್ ಲಾರಿಯೊಂದು ನೆಲ ಕೊರೆಯುತ್ತಿತ್ತು. ಸಿಲ್ವರ್ ಓಕ್ ಮರಗಳ ಕಾಂಡಗಳಿಗೆಲ್ಲ ಬಿಳಿಯ ಧೂಳು ಮೆತ್ತಿಕೊಂಡಿತ್ತು. ಅರೆದ ಕಲ್ಲಿನ ಪುಡಿಗೆ ಆಳದ ಮೊದಲ ನೀರು ಸೇರಿದಾಗ ಒಂದು ವಾಸನೆ ಏಳುತ್ತದೆ. ಬೆಂಕಿಕಡ್ಡಿ ಗೀರಿ ಆರಿಸಿದಂಥ, ಒದ್ದೆ ಕಬ್ಬಿಣದಂಥ, ಅದರೊಳಗೆ ಕಂಪ್ರೆಸರಿನ ಎಣ್ಣೆಯೂ ಬೆರೆತ ವಾಸನೆ. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದುಕೊಂಡರು. ನನಗೆ ಅದು ಸಾಧ್ಯವಾಗಲಿಲ್ಲ. ಒಂದು ಬೇಸಗೆಯ ಮೊದಲ ವಾರಗಳಲ್ಲಿ ಆ ವಾಸನೆ ನನ್ನ ಅಣ್ಣನ ಅಂಗಿಯಲ್ಲಿ ನಮ್ಮ ಮನೆಗೆ ಬಂದಿತ್ತು. ಬಸ್ಸು ಹೊರಟರೂ ನಾನು ಆ ವರ್ಷದಲ್ಲೇ ಉಳಿದೆ.

ನಮ್ಮದು ಕುಶಾಲನಗರದ ಹತ್ತಿರ, ಅರಕಲಗೂಡಿನ ಕಡೆಯಿಂದ ಅಜ್ಜನ ಕಾಲದಲ್ಲಿ ಬಂದು ನೆಲೆಯಾದ ಮನೆ. ಅಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದು ಅಣ್ಣ ಮಂಜುನಾಥನ ದುಡಿಮೆಯಿಂದ. ಐಟಿಐಯಲ್ಲಿ ಫಿಟ್ಟರ್ ಕಲಿತವನು ಪರಿಚಯದವರ ಮೂಲಕ ಗುತ್ತಿಗೆದಾರರೊಬ್ಬರನ್ನು ಹಿಡಿದು ಮುಂಬೈಗೆ ಹೋದ. ಅಲ್ಲಿಂದ ಪಶ್ಚಿಮದ ಕಡಲಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತ ರಿಗ್‌ಗೆ ಹೋದ. ಅತ್ತಿಗೆ ಸುಮಿತ್ರ ಊರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಮುಂದೇನೆಂದು ತಿಳಿಯದೆ, ಆ ಚಳಿಗಾಲದಲ್ಲಿ ಮನೆಯಲ್ಲಿದ್ದೆ.

ರಿಗ್‌ನ ಬದುಕಿಗೆ ಒಂದು ಕ್ರಮವಿದೆ. ಅದನ್ನು ಅರಿಯದೆ ಆ ವರ್ಷದ ಕಥೆ ಅರ್ಥವಾಗುವುದಿಲ್ಲ. ಅಲ್ಲಿ ಪ್ರತಿಯೊಬ್ಬನಿಗೂ ಒಬ್ಬ ರಿಲೀವರ್ ಇರುತ್ತಾನೆ. ನಾಲ್ಕು ವಾರ ಇವನು ಕಡಲಿನಲ್ಲಿ, ಅವನು ಮನೆಯಲ್ಲಿ. ಮುಂದಿನ ನಾಲ್ಕು ವಾರ ಅವನು ಕಡಲಿನಲ್ಲಿ, ಇವನು ಮನೆಯಲ್ಲಿ. ಇಬ್ಬರಿಗೂ ಒಂದೇ ಕೆಲಸ, ಒಂದೇ ಲಾಕರು, ಒಂದೇ ಹಾಸಿಗೆ. ವರ್ಷಗಟ್ಟಲೆ ಒಂದೇ ದಿಂಬಿಗೆ ತಲೆಯಿಟ್ಟರೂ ಅವರು ಭೇಟಿಯಾಗುವುದು ಬದಲಿಯ ದಿನ ಮಾತ್ರ, ಹೆಲಿಕಾಪ್ಟರ್ ಇಳಿಯುವ ಕಟ್ಟೆಯ ಪಕ್ಕದಲ್ಲಿ, ಒಬ್ಬ ಇಳಿದು ಇನ್ನೊಬ್ಬ ಹತ್ತುವ ನಡುವಿನ ಸ್ವಲ್ಪ ಹೊತ್ತು. ಅಷ್ಟರಲ್ಲಿ ಹೋಗುವವನು ಬರುವವನಿಗೆ ಎಲ್ಲ ಹೇಳಬೇಕು. ಯಾವ ಪಂಪು ಕೈಕೊಡುತ್ತಿದೆ, ಯಾವ ಮೆಟ್ಟಿಲಿನಲ್ಲಿ ಜಾರಿಕೆಯಿದೆ, ಯಾವ ಹಗ್ಗ ಸವೆದಿದೆ. ಅದಕ್ಕೆ ಹ್ಯಾಂಡೋವರ್ ಎನ್ನುತ್ತಾರೆ. ಕಾಗದದಲ್ಲಿಯೂ ಬರೆಯುತ್ತಾರಂತೆ. ಆದರೆ ಬಾಯಿಂದ ಕೇಳುವವರೆಗೆ ಕೆಲಸ ತನ್ನದಾಯಿತೆಂದು ಯಾರೂ ಭಾವಿಸುವುದಿಲ್ಲವೆಂದು ಅಣ್ಣ ಹೇಳುತ್ತಿದ್ದ.

ಅಣ್ಣನ ರಿಲೀವರ್ ಅಪ್ಪಲರಾಜು. ಆಂಧ್ರದ ಕರಾವಳಿಯ ಮೀನುಗಾರರ ಹಳ್ಳಿಯವನು. ನಾವು ಯಾರೂ ಅವನನ್ನು ಕಂಡವರಲ್ಲ, ಆದರೂ ಅವನು ನಮ್ಮ ಮನೆಯವನಾಗಿದ್ದ. ಅಣ್ಣ ಹೊರಡುವಾಗ ಅವ್ವ ಕಾಫಿಪುಡಿಯನ್ನೂ ಕಾಳುಮೆಣಸನ್ನೂ ಕಟ್ಟಿಕೊಡುತ್ತಿದ್ದಳು. ಅಣ್ಣ ಅದನ್ನು ಲಾಕರಿನಲ್ಲಿ ರಾಜುವಿಗೆಂದು ಬಿಟ್ಟು ಬರುತ್ತಿದ್ದ. ಮುಂದಿನ ಸಲ ಅದೇ ಲಾಕರಿನಲ್ಲಿ ಮಾವಿನ ಉಪ್ಪಿನಕಾಯಿಯ ಡಬ್ಬಿ ಕಾದಿರುತ್ತಿತ್ತು. ಅದರ ಖಾರಕ್ಕೆ ಅವ್ವ ನೀರು ಕುಡಿಯುತ್ತ ರಾಜುವಿನ ಹೆಂಡತಿಯನ್ನು ಹೊಗಳುತ್ತಿದ್ದಳು. ಅಣ್ಣ ಮನೆಯಲ್ಲಿದ್ದಾಗ ಮಧ್ಯಾಹ್ನ ಕಾಫಿ ಲೋಟ ಕೈಗೆತ್ತಿಕೊಂಡು, "ರಾಜು ಈಗ ಮೇಲೆ ಹತ್ತಿರ್ತಾನೆ" ಎನ್ನುವುದು ಅಭ್ಯಾಸ. ಅದು ರಾಜು ಕೊರೆಯುವ ಕಟ್ಟೆ ಹತ್ತಿ ಪಾಳಿ ಶುರುಮಾಡುವ ಹೊತ್ತು. ಅಣ್ಣನ ಕಾಲು ಕುಶಾಲನಗರದಲ್ಲಿದ್ದರೂ ದಿನ ರಿಗ್‌ನ ಗಡಿಯಾರದಲ್ಲೇ ನಡೆಯುತ್ತಿತ್ತು.

"ನಂಗೆ ಸವತಿ ಅಂದ್ರೆ ಆ ರಾಜೂನೆ ಕಣೆ" ಎಂದು ಅತ್ತಿಗೆ ನನ್ನೊಡನೆ ನಗುತ್ತಿದ್ದಳು. "ನಿಮ್ಮಣ್ಣನ ಹಾಸ್ಗೇಲಿ ಅರ್ಧ ಅವಂದು."

ಅಣ್ಣ ಮಂಚದ ಒಂದು ಅಂಚಿನಲ್ಲೇ ಮಲಗುತ್ತಿದ್ದುದು ನಿಜ. ರಿಗ್‌ನ ಹಾಸಿಗೆ ಅಷ್ಟು ಕಿರಿದು.

ಆ ವರ್ಷ ಸಂಕ್ರಾಂತಿಯ ಹಿಂದುಮುಂದಿನಲ್ಲಿ ಅಣ್ಣ ಬಂದ. ತೋಟಗಳಲ್ಲಿ ರೋಬಸ್ಟ ಕೊಯ್ಲು ನಡೆಯುತ್ತಿತ್ತು, ಕಣಗಳಲ್ಲಿ ಕಾಫಿ ಹರಡಿತ್ತು, ಕ್ಯೂರಿಂಗ್ ವರ್ಕ್ಸಿನ ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಅವನು ಬ್ಯಾಗನ್ನು ಜಗಲಿಯಲ್ಲಿಟ್ಟು, ಕೈಕಾಲು ತೊಳೆಯದೆ ಕುಳಿತು, ಹೆಲಿಕಾಪ್ಟರಿನಲ್ಲಿ ರಾಜು ಬರಲಿಲ್ಲ ಎಂದ. ಆ ದಿನ ಹೆಲಿಕಾಪ್ಟರಿನಿಂದ ಯಾರ ರಿಲೀವರೂ ಇಳಿಯಲಿಲ್ಲವಂತೆ. ಎರಡು ತಂಡಗಳನ್ನು ಸೇರಿಸಿ ಒಂದು ಮಾಡುತ್ತಾರೆ, ಪ್ರತಿ ಜೋಡಿಯಲ್ಲಿ ಒಬ್ಬನನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಯಾರೆಂದು ತೀರ್ಮಾನವಾಗುವವರೆಗೆ ಬರಬೇಕಾದವರನ್ನು ಮುಂಬೈನಲ್ಲೇ ತಡೆದಿದ್ದಾರೆ ಎಂದು ಸೂಪರ್‌ವೈಸರ್ ಹೇಳಿದರಂತೆ. ಇರುವವರು ಹತ್ತಿ, ಸೀಟು ಖಾಲಿ ಹೋಗಬಾರದು ಎಂದರಂತೆ. ತಡೆದವರನ್ನು ಎಲ್ಲಿ ಇರಿಸಿದ್ದಾರೆಂದು ಮುಂಬೈನ ಕಚೇರಿ ಅಣ್ಣನಿಗೆ ಹೇಳಲಿಲ್ಲ; ಎರಡು ದಿನ ಕಳೆದು ರಾಜುವನ್ನು ಕಳುಹಿಸಿದರು. ಅಣ್ಣನಿಗೆ ಮುಂಬೈನಲ್ಲಿ ಹೇಳಿದ ಪದ ಸ್ಟ್ಯಾಂಡ್‌ಬೈ.

ಈ ಪದವನ್ನು ನಾನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ತರಗತಿಯಲ್ಲಿ ನಮಗೆ ಮಾನವ ಸಂಪನ್ಮೂಲದ ಮರುಹೊಂದಾಣಿಕೆಯೆಂಬುದನ್ನು ಪಾಠ ಮಾಡಿದ್ದರು. ಅದರ ಅರ್ಥ ನನಗೆ ಆ ಜಗಲಿಯಲ್ಲಿ ಆಯಿತು. ಕೆಲಸದಿಂದ ತೆಗೆದಿದ್ದೇವೆ ಎಂದರೆ ಕಾನೂನಿಗೆ ಉತ್ತರ ಹೇಳಬೇಕು. ಕರೆಯುವವರೆಗೆ ಕಾಯಿರಿ ಎಂದರೆ ಯಾವ ಉತ್ತರವೂ ಬೇಕಿಲ್ಲ. ಸಂಬಳವಿಲ್ಲ, ಬಿಡುಗಡೆಯೂ ಇಲ್ಲ. ಕರೆ ಬಂದ ಮರುದಿನ ಹಾಜರಾಗದಿದ್ದರೆ ಜಾಗ ಹೋಗುತ್ತದೆಂಬ ಹೆದರಿಕೆಯಿಂದ ಅಣ್ಣನ ಬ್ಯಾಗು ಜಗಲಿಯಿಂದ ಒಳಗೆ ಬರಲೇ ಇಲ್ಲ. ಅವ್ವ ಅದರ ಸುತ್ತ ಗುಡಿಸುತ್ತಿದ್ದಳು.

ಆದರೆ ಅವನನ್ನು ತಿನ್ನುತ್ತಿದ್ದುದು ಕೆಲಸವೊಂದೇ ಅಲ್ಲ, ಹೇಳದೆ ಬಂದ ಮಾತು. ರಿಗ್‌ನ ಕೆಳಗಿನ ಅಂತಸ್ತಿನಲ್ಲಿ, ಕಡಲ ನೀರೆತ್ತುವ ಪಂಪಿನ ಹತ್ತಿರ, ಓಡಾಡಲು ಹಾಸಿರುವ ಕಬ್ಬಿಣದ ಜಾಲರಿಯ ಒಂದು ತುಂಡಿಗೆ ಕ್ಲಿಪ್ಪುಗಳು ಕಿತ್ತುಹೋಗಿದ್ದವು. ಅದರ ಕೆಳಗೆ ನೇರವಾಗಿ ಕಡಲು. ಅಪರೂಪಕ್ಕೆ ಜನ ಹೋಗುವ ಮೂಲೆ ಅದು. ಅಣ್ಣ ಸೂಪರ್‌ವೈಸರಿಗೆ ತಿಳಿಸಿ, ಹೊಸ ಕ್ಲಿಪ್ಪು ಮುಂದಿನ ದೋಣಿಯಲ್ಲಿ ಬರುತ್ತದೆಂಬ ಉತ್ತರ ಪಡೆದು, ಸದ್ಯಕ್ಕೆ ತಂತಿಯಿಂದ ಬಿಗಿದು, ಸುತ್ತಲೂ ಕೆಂಪು ಪಟ್ಟಿ ಕಟ್ಟಿ ಬಂದಿದ್ದ. ಉಪ್ಪುಗಾಳಿಗೆ ಅಂಥ ತಂತಿ ಕೆಲವೇ ವಾರ ಬಾಳುತ್ತದೆಂಬುದು ಕಡಲಿನಲ್ಲಿ ದುಡಿದವರಿಗೆಲ್ಲ ಗೊತ್ತಿದ್ದ ವಿಷಯ. ಪಟ್ಟಿ ಗಾಳಿಗೆ ಹರಿದುಹೋದ ಮೇಲೆ ಆ ತುಂಡು ಉಳಿದವುಗಳ ಹಾಗೆಯೇ ಕಾಣುತ್ತದೆ. ತಂತಿ ಬಿಗಿದಿರುವುದು ಯಾವ ತುಂಡಿಗೆಂದು ಕಣ್ಣಾರೆ ಕಂಡವನು ಅಣ್ಣನೊಬ್ಬನೇ.

ಬಂದ ಮರುದಿನವೇ ಅವನು ಮುಂಬೈನ ಕಚೇರಿಗೂ, ಅಲ್ಲಿಂದ ನಂಬರು ಪಡೆದು ರಿಗ್‌ನ ರೇಡಿಯೋ ಕೋಣೆಗೂ ಫೋನು ಮಾಡಿದ. ಪಂಪಿನ ಹತ್ತಿರದ ಜಾಲರಿಯ ವಿಷಯ ರಾಜುವಿಗೆ ಹೇಳಿ ಎಂದು ಹಿಂದಿಯಲ್ಲಿ ಎರಡೆರಡು ಸಲ ಬಿಡಿಸಿ ಹೇಳಿದ. ಹೇಳುತ್ತೇವೆ ಎಂದರು. ಮುಂದಿನ ವಾರ ಮತ್ತೆ ಮಾಡಿದ. ಆಗಲೂ ಹೇಳುತ್ತೇವೆ ಎಂದರು. ಅವನೇ ಫೋನಿಗೆ ಬರಲಿ ಎಂದು ಕೇಳಬಾರದಾ ಎಂದೆ. ರಿಗ್‌ನಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ಕೆಲಸದವರಿಗೆ ಫೋನು ಸಿಗುವುದು ಸಾಲಿನಲ್ಲಿ ನಿಂತು, ವಾರಕ್ಕೆ ಕೆಲವೇ ನಿಮಿಷ.

"ಅದು ಹೆಂಡ್ತಿ ಮಕ್ಕಳ ನಿಮಿಷ ಪುಟ್ಟಿ" ಎಂದ ಅಣ್ಣ. "ಅದನ್ನ ಯಾರೂ ಕೇಳ್ಬಾರ್ದು."

ಅದು ಅವರು ತಮ್ಮತಮ್ಮಲ್ಲೇ ಮಾಡಿಕೊಂಡ ನಿಯಮ. ಅಣ್ಣ ಅದನ್ನು ಮುರಿಯಲಿಲ್ಲ, ರಾಜುವಿನ ಹೆಂಡತಿಯ ಮೂಲಕವೂ ಹೇಳಿಸಲಿಲ್ಲ. ರೇಡಿಯೋ ಕೋಣೆಯನ್ನು ನಂಬಿದ. ಹಾಗಿದ್ದೂ ಬೇಗ ಕರೆ ಬರಲಿ ಎಂದು ಅವನು ಹಂಬಲಿಸಿದ್ದು ಎರಡು ಕಾರಣಕ್ಕೆ. ತಾನು ಹೋದರೆ ರಾಜು ಮನೆಗೆ ಹೊರಡುತ್ತಾನೆ. ಹೊರಡುವ ಮುಂಚೆ ತಾನು ಎದುರು ನಿಂತು ಕೇಳಬಹುದು, ಜಾಲರಿಯ ವಿಷಯ ಗೊತ್ತಾಯಿತಾ ಎಂದು.

ನಾಲ್ಕು ವಾರ ಕಳೆದವು. ಕರೆ ಬರಲಿಲ್ಲ. ಅಂದರೆ ರಾಜು ಇನ್ನೂ ಕಡಲಿನಲ್ಲೇ ಇದ್ದಾನೆ. ಬದಲಿಯ ದಿನವೆಂದು ಅಣ್ಣ ಬೆಳಿಗ್ಗೆ ಎದ್ದು, ಕ್ಷೌರ ಮಾಡಿಕೊಂಡು, ಬೂಟು ಹಾಕಿಕೊಂಡು ಜಗಲಿಯಲ್ಲಿ ಕುಳಿತ. ಅತ್ತಿಗೆ ಕೆಲಸಕ್ಕೆ ಹೊರಟವಳು ಅವನನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ನಡೆದಳು. ಮಧ್ಯಾಹ್ನ ಕಾಫಿ ಕೊಟ್ಟಾಗ ಅಣ್ಣ ಹೇಳಿದ, "ರಾಜು ಇವತ್ತೂ ಹತ್ತಿರ್ತಾನೆ." ಒಬ್ಬನನ್ನು ತೆಗೆದರೆ ಇನ್ನೊಬ್ಬನ ಎರಡು ಪಾಲು ಆಯುಷ್ಯವನ್ನು ಹೀರಬೇಕಾಗುತ್ತದೆಂಬುದು ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಿಮ್ಮ ಉಳಿತಾಯ ಹುಟ್ಟಿದ್ದೇ ಅಲ್ಲಿ.

ಮಾಘ ಕಳೆಯುತ್ತಿದ್ದಂತೆ ತೋಟಗಳಲ್ಲಿ ನೀರಿನ ಧಾವಂತ ಶುರುವಾಯಿತು. ರೋಬಸ್ಟಕ್ಕೆ ಹೂವಿನ ಹೊತ್ತಿಗೆ ಮಳೆ ಬೇಕು, ಇಲ್ಲವೇ ಸ್ಪ್ರಿಂಕ್ಲರ್ ಹಾಯಿಸಬೇಕು. ಹೊಳೆಯ ನೀರು ಇಳಿದಿತ್ತು. ತಮಿಳುನಾಡಿನಿಂದ ಬಂದ ಬೋರ್‌ವೆಲ್ ಲಾರಿಗಳು ತೋಟದಿಂದ ತೋಟಕ್ಕೆ ಓಡಾಡತೊಡಗಿದವು. ಅದರಲ್ಲೊಂದು ಲಾರಿಯ ಮೇಸ್ತ್ರಿ ಪಳನಿ ಕುಶಾಲನಗರದಲ್ಲಿ ಡೀಸೆಲ್ ಹಾಕಿಸಲು ನಿಂತಾಗ ಅಣ್ಣನ ಪರಿಚಯವಾಯಿತು. ಕರೆ ಬಂದ ಕ್ಷಣ ಬಿಟ್ಟು ಹೋಗುವುದೆಂಬ ಕರಾರಿನ ಮೇಲೆ ಅಣ್ಣ ಕೆಲಸಕ್ಕೆ ಸೇರಿದ. ಕಡಲ ತಳವನ್ನು ಕೊರೆದವನು ಪಾಲಿಬೆಟ್ಟದ ಬಂಡೆಯನ್ನು ಕೊರೆಯಲು ಹೋದ.

ಒಂದು ದಿನ ಊಟ ಕೊಡಲೆಂದು ನಾನೂ ಹೋಗಿದ್ದೆ. ಪೈಪಿಗೆ ಪೈಪು ಜೋಡಿಸುವಾಗ ಅಣ್ಣನ ಮೈಯಲ್ಲಿ ಒಂದು ಹಗುರ ಕಂಡಿತು. ಆ ತಿಂಗಳುಗಳಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ಪಳನಿ ನನ್ನ ಪಕ್ಕ ಬಂದು, ಅಣ್ಣನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ನೋಡಮ್ಮಾ, ಕಡಲಲ್ಲಿ ಎಣ್ಣೆ ತೆಗ್ದೋರು ಇವ್ರು. ಇಲ್ಲಿ ನೀರ್ ಬರ್ಲಿಲ್ಲ ಅಂದ್ರೆ ಓನರು ನನ್ನ ಬೈಯಲ್ಲ, ಇವ್ರನ್ನೇ ಬೈಯೋದು."

"ಎಣ್ಣೆ ಬಂದ್ರೆ ನಂಗಿರ್ಲಿ ಪಳನಿ" ಎಂದ ಅಣ್ಣ. "ನೀರ್ ಬಂದ್ರೆ ನೀನೇ ಇಟ್ಕೊ."

ಅಲ್ಲಿಯ ಹುಡುಗರು ಅಣ್ಣನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಊಟಕ್ಕೆ ಏಳುವ ಮುನ್ನ, ತನ್ನ ಜಾಗಕ್ಕೆ ಬರುವವನ ಎದುರು ನಿಂತು, ಯಾವ ಪೈಪಿನ ತಿರುಪಿನ ಹಲ್ಲು ಸವೆದಿದೆ, ಕಂಪ್ರೆಸರ್ ಎಲ್ಲಿ ತಡವರಿಸುತ್ತಿದೆ, ಕಾಲಿಡುವಲ್ಲಿ ಎಲ್ಲಿ ಕೆಸರಾಗಿದೆ ಎಂದು ಎಲ್ಲವನ್ನೂ ಒಪ್ಪಿಸದೆ ಅವನು ಕದಲುತ್ತಿರಲಿಲ್ಲ. ಕೇಳುವವನು ತಲೆಯಾಡಿಸಿದರೆ ಸಾಲದು. ಏನು ಹೇಳಿದೆ ಹೇಳು ಎಂದು ತಿರುಗಿ ಹೇಳಿಸುತ್ತಿದ್ದ. ಬಿಸಿಲಿಗೆ ಬೆಂದು ಹಸಿದವರಿಗೆ ಅದು ತಮಾಷೆಯೂ ಹೌದು, ಕಾಟವೂ ಹೌದು.

"ಊಟಕ್ಕೆ ಕೂತ್ರೂ ವಾರ್ತೆ ಮುಗಿಯಲ್ಲಮ್ಮಾ ಇವ್ರದು" ಎಂದು ಪಳನಿ ನಕ್ಕರು. ನಗು ನಿಂತ ಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, ಇವರು ಯಾರಿಗೋ ಹೇಳುವುದನ್ನು ನಮಗೆ ಹೇಳುತ್ತಿದ್ದಾರೆ ಅನ್ನಿಸುತ್ತದೆ ಎಂದರು. ಆನೆ ಇಳಿಯುವ ಹೊತ್ತಾಗುತ್ತದೆಂದು ತೋಟದ ಲೆಕ್ಕ ಬರೆಯುವ ರೈಟರು ಬಂದು ಅವಸರ ಮಾಡಿದ್ದರಿಂದ ಆ ದಿನ ಬಿಸಿಲಿರುವಾಗಲೇ ಯಂತ್ರ ನಿಲ್ಲಿಸಿದರು. ಸದ್ದು ನಿಂತ ಕೂಡಲೇ ಕಾಡಿನ ಕಡೆಯಿಂದ ಸಿಲ್ವರ್ ಓಕ್‌ಗಳ ಮೇಲೆ ಗಾಳಿ ಬಂತು. ಅಣ್ಣ ತಲೆಯೆತ್ತಿ ಪಶ್ಚಿಮಕ್ಕೆ ತಿರುಗಿ ನಿಂತ. ಏನಣ್ಣ ಎಂದೆ. ಹೆಲಿಕಾಪ್ಟರ್ ಅಂದುಕೊಂಡೆ ಎಂದ. ಮೈಮೇಲೆಲ್ಲ ಕಲ್ಲಿನ ಧೂಳು ಹೊದ್ದು ನಿಂತಿದ್ದ ಅವನನ್ನು ಆ ಬೆಳಕಿನಲ್ಲಿ ನೋಡಿದಾಗ, ನನ್ನ ಅಣ್ಣನನ್ನು ಯಾರೋ ಎಲ್ಲಿಯೋ ಇಳಿಸಿಕೊಂಡು, ಅವನ ಆಕಾರವನ್ನಷ್ಟೇ ಮನೆಗೆ ಕಳುಹಿಸಿದ್ದಾರೆ ಅನ್ನಿಸಿತು.

ಫಾಲ್ಗುಣದಲ್ಲಿ ಹೂಮಳೆ ಬಂತು. ಎರಡು ಸಂಜೆ ಒಳ್ಳೆಯ ಮಳೆ ಬಿದ್ದದ್ದೇ ಬೋರ್‌ವೆಲ್ಲಿನ ಬೇಡಿಕೆ ನಿಂತಿತು. ಪಳನಿ ಲಾರಿಯನ್ನು ಊರಿಗೆ ಹೊರಡಿಸಿದರು. ಅಣ್ಣ ಮತ್ತೆ ಜಗಲಿಗೆ ಬಂದ. ಆ ಭಾನುವಾರ ಅತ್ತಿಗೆಗೂ ರಜೆ. ಎಲ್ಲರೂ ತಿಂಡಿಗೆ ಕುಳಿತಿದ್ದಾಗ ಫೋನು ಬಂತು. ಅಣ್ಣ ಎದ್ದು ನಿಂತು ಮಾತಾಡಿದ. ಹಾ ಜೀ, ಹಾ ಜೀ ಎಂಬುದಷ್ಟೇ ನಮಗೆ ಕೇಳಿಸಿತು. ಮಂಗಳವಾರದೊಳಗೆ ಮುಂಬೈಗೆ ಹಾಜರಾಗಬೇಕು, ನಿಮ್ಮ ಜಾಗ ಖಾಲಿಯಾಗಿದೆ ಎಂದು ಹೆಣ್ಣಿನ ದನಿಯೊಂದು ಸೌಜನ್ಯದಿಂದ ತಿಳಿಸಿತಂತೆ. ಅದಕ್ಕಿಂತ ಹೆಚ್ಚಿನದೇನನ್ನೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಫೋನಿಟ್ಟು ಅಣ್ಣ ನಮ್ಮ ಕಡೆ ತಿರುಗಿದ. ಎಷ್ಟೋ ವಾರಗಳ ಮೇಲೆ ಅವನ ಮುಖ ಅರಳಿತ್ತು. ಕೆಲಸ ಸಿಕ್ಕಿತು ಎಂದು ಹೇಳಲಿಲ್ಲ.

"ರಾಜು ಮನೆಗ್ ಹೋದ ಕಣವ್ವ" ಎಂದ.

ಅವನ ತಪ್ಪೇನು? ಅಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಬೇರೆ ರೀತಿ ಆಗಿದ್ದರೆ ತಾನೆ? ಇವನನ್ನು ಕರೆದರೆ ಅವನು ಮನೆಗೆ ಹೋದ ಎಂದೇ ಅರ್ಥ. ಆ ರಿಗ್‌ನಲ್ಲಿ ದುಡಿಯುವ ಯಾವನೇ ಆದರೂ ಅಣ್ಣ ತಿಳಿದದ್ದನ್ನೇ ತಿಳಿಯುತ್ತಿದ್ದ. ನೀವು ಅವರ ಬದುಕನ್ನು ಹಾಗೆ ಜೋಡಿಸಿದ್ದಿರಿ. ಆ ನಂಬಿಕೆ ಅವರ ಮೈಯೊಳಗೇ ಇಳಿದಿತ್ತು.

ಅವ್ವ ದೇವರ ಕಡೆ ಕೈ ಮುಗಿದಳು. ಅಣ್ಣ ರಾಜುವಿನ ಮನೆಯ ನಂಬರು ಹಚ್ಚಿದ. ಸವತಿಯ ಹತ್ತಿರ ನಾನೂ ಮಾತಾಡುತ್ತೇನೆ ಎಂದು ಅತ್ತಿಗೆ ಹತ್ತಿರ ಬಂದದ್ದರಿಂದ ಸ್ಪೀಕರ್ ಹಾಕಿದ. ಎತ್ತಿಕೊಂಡದ್ದು ರಾಜುವಿನ ಹೆಂಡತಿ ಸತ್ಯವತಿ. ಅಣ್ಣ ತನಗೆ ಬರುವ ಹರಕು ತೆಲುಗಿನಲ್ಲಿ ಕೇಳಿದ.

"ಅಮ್ಮಾ, ನೇನು ಮಂಜು. ರಾಜು ವಚ್ಚಾಡಾ?"

ರಾಜು ಬಂದನಾ ಎಂದು ಕೇಳಿದ್ದ. ಆ ಕಡೆ ಯಾರೋ ಪಾತ್ರೆ ಎತ್ತಿಡುವ ಸದ್ದು ಕೇಳಿತು.

"ತೀಸ್ಕೊಚ್ಚಾರು" ಎಂದಳು ಸತ್ಯವತಿ.

ತಂದರು ಎಂದು. ತೆಲುಗು ಬಾರದ ಅವ್ವನಿಗೂ ಅರ್ಥವಾಯಿತು. ಅಣ್ಣ ಮಾತ್ರ ಇನ್ನೊಮ್ಮೆ ಕೇಳಿದ. ಅವಳು ಅಳಲಿಲ್ಲ. ಅಳುವುದು ಆಗಲೇ ಮುಗಿದಿತ್ತು. ಅವಳ ಮೈದುನ ಫೋನು ತೆಗೆದುಕೊಂಡು ಹಿಂದಿಯಲ್ಲಿ ಹೇಳಿದ. ಕೆಳಗಿನ ಅಂತಸ್ತಿನಲ್ಲಿ ಪಂಪಿನ ಕಡೆ ಹೋಗುವಾಗ ಎಚ್ಚರ ತಪ್ಪಿ ಕಡಲಿಗೆ ಬಿದ್ದನೆಂದು ಕಂಪನಿಯವರು ಹೇಳಿದ್ದಾರೆ, ದೇಹ ಮರುದಿನ ಸಿಕ್ಕಿತು, ಕಾರ್ಯಗಳೆಲ್ಲ ಮುಗಿದವು. ಮನೆಗೆ ಬರುವ ದಿನ ಮತ್ತೆ ಮತ್ತೆ ಮುಂದೆ ಹೋಗಿ ಅಣ್ಣ ಬಹಳ ದಣಿದಿದ್ದ ಎಂದ. ಅವನು ಹೇಳಿದ ಅಣ್ಣ ರಾಜು. ಇತ್ತ ನನ್ನ ಅಣ್ಣ ಪಂಪು ಎಂಬ ಪದ ಕೇಳಿದಾಗಲೇ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಯಾವ ಜಾಲರಿ, ಎಷ್ಟನೆಯ ತುಂಡು, ಯಾವ ಮೂಲೆಯ ತಂತಿ ಮೊದಲು ಕಳಚಿರಬೇಕು ಎಂಬುದನ್ನೆಲ್ಲ ಅವನು ಅಲ್ಲಿಂದಲೇ ಕಾಣುತ್ತಿದ್ದ.

ಹೆಣ ಮನೆಗೆ ಹೋಗಿ, ಕಾರ್ಯ ಮುಗಿದು, ಆಮೇಲೆ ನೀವು ನನ್ನ ಅಣ್ಣನಿಗೆ ಫೋನು ಮಾಡಿದಿರಿ. ಜಾಗ ಖಾಲಿಯಾಗಿದೆ ಎಂದಿರಿ. ಅದು ಹೇಗೆ ಖಾಲಿಯಾಯಿತೆಂದು ಆ ಜಾಗಕ್ಕೆ ಹೋಗಬೇಕಾದವನಿಗೆ ತಿಳಿಸುವುದೂ ನಿಮಗೆ ಅನಗತ್ಯವೆನಿಸಿತು.

ಆ ಎರಡು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಜಗಳವೆಂದು ಕರೆಯಲಾರೆ. ಅವ್ವ ಹೋಗಬೇಡ ಎಂದಳು. ಅತ್ತಿಗೆ ಹೋಗಿ ಎಂದಳು. ದುಡಿಮೆಯ ಮಾತನ್ನು ಅವಳು ಎತ್ತಲೇ ಇಲ್ಲ.

"ನೀವ್ ಹೋಗ್ಲಿಲ್ಲ ಅಂದ್ರೆ ಬೇರೆ ಯಾವನೋ ಬತ್ತಾನೆ. ಅವಂಗೆ ಯಾರ್ ಹೇಳ್ತಾರೆ, ಅಲ್ಲಿ ಕಾಲಿಡ್ಬೇಡ ಅಂತ?"

ಅಣ್ಣ ಮಂಚದ ಕಡೆ ತಿರುಗಿದ.

"ಆ ಹಾಸ್ಗೆ ಮೇಲೆ ನಾನ್ ಹೆಂಗ್ ಮಲಗ್ಲಿ ಸುಮಿತ್ರ" ಎಂದ.

ಸೋಮವಾರ ಅವನು ತಾನಾಗಿಯೇ ಕಚೇರಿಗೆ ಫೋನು ಮಾಡಿದ. ಬರುತ್ತೇನೆ, ಅದಕ್ಕೆ ಮುಂಚೆ ಎರಡು ವಿಷಯ ತಿಳಿಯಬೇಕು ಎಂದ. ತಾನು ರೇಡಿಯೋ ಕೋಣೆಗೆ ಹೇಳಿದ ಮಾತನ್ನು ರಾಜುವಿಗೆ ಯಾರಾದರೂ ತಲುಪಿಸಿದರೇ? ಈಗ ತಾನು ರಿಗ್ಗಿಗೆ ಹೋಗಿ ಇಳಿದರೆ ತನಗೆ ಹ್ಯಾಂಡೋವರ್ ಕೊಡುವವರು ಯಾರು? ಮೊದಲನೆಯದು ತನ್ನ ವಿಭಾಗಕ್ಕೆ ಸೇರಿದ್ದಲ್ಲ ಎಂದಿತು ಆ ಸೌಜನ್ಯದ ದನಿ. ಎರಡನೆಯದಕ್ಕೆ, ಸೂಪರ್‌ವೈಸರ್ ಎಲ್ಲ ವಿವರಿಸುತ್ತಾರೆ ಎಂದಿತು. ಆ ಸೂಪರ್‌ವೈಸರಿಗೆ ಜಾಲರಿಯ ವಿಷಯ ಹೇಳಿದವನೇ ನಾನು ಎಂದ ಅಣ್ಣ. ಕರೆ ಕಡಿಯಿತು. ಮಂಗಳವಾರ ಅವನು ಹೋಗಲಿಲ್ಲ. ಬ್ಯಾಗನ್ನು ಜಗಲಿಯಿಂದ ಎತ್ತಿ ಒಳಗಿಟ್ಟದ್ದು ಅವ್ವ. ಅದರ ಕೆಳಗೆ ಸಿಮೆಂಟಿನ ನೆಲ ಬೇರೆಯದೇ ಬಣ್ಣವಾಗಿತ್ತು.

ಆಮೇಲೆ ಕಂಪನಿಯಿಂದ ಬಂದ ತಿಳಿವಳಿಕೆಯಲ್ಲಿ, ಕರೆದಾಗ ಹಾಜರಾಗದ ಕಾರಣ ಅಣ್ಣ ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದಾನೆಂದು ಹೇಳಲಾಗಿತ್ತು. ಹೀಗೆ ಒಬ್ಬನು ಎಚ್ಚರ ತಪ್ಪಿ ಸತ್ತ, ಇನ್ನೊಬ್ಬ ತಾನಾಗಿಯೇ ಬಿಟ್ಟುಹೋದ. ಇಬ್ಬರಲ್ಲಿ ಯಾರನ್ನೂ ನೀವು ತೆಗೆಯಲಿಲ್ಲ. ಆ ಜೋಡಿಯನ್ನು ಮುಗಿಸಲು ನಿಮ್ಮ ಕೈಗೆ ಒಂದು ಹನಿ ಮಸಿಯೂ ತಾಗಲಿಲ್ಲ. ನನ್ನ ಓದು ನನಗೆ ಕಲಿಸಿದ ಸಿದ್ಧಾಂತಗಳಲ್ಲಿ ಇದಕ್ಕೆ ಹೆಸರು ಹುಡುಕಿದ್ದೇನೆ. ಸಿಕ್ಕ ಹೆಸರುಗಳೆಲ್ಲ ತೀರ ಮೆದುವಾದವು.

ಅಣ್ಣ ಈಗ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿಯಲ್ಲಿದ್ದಾನೆ. ಮೈಗೆ ಯಾವ ಊನವೂ ಇಲ್ಲ. ಆದರೆ ಮಧ್ಯಾಹ್ನ ಮನೆಯಲ್ಲಿದ್ದರೆ, ಕಾಫಿ ಲೋಟ ಕೈಗೆ ಬಂದ ಮೇಲೆ, ಅವನು ಒಂದು ಕ್ಷಣ ನಿಲ್ಲುತ್ತಾನೆ. ಬಾಯಿ ತೆರೆಯುವುದಿಲ್ಲ. ರಾಜು ಈಗ ಹತ್ತಿರುತ್ತಾನೆ ಎಂಬ ಮಾತು ಅಲ್ಲಿಗೆ ಬಂದು ನಿಂತಿರುವುದು ನಮಗೆಲ್ಲ ಕೇಳಿಸುತ್ತದೆ. ಅವ್ವ ಒಲೆಯ ಕಡೆ ತಿರುಗುತ್ತಾಳೆ. ಅತ್ತಿಗೆ ಸವತಿಯ ಮಾತು ಆಡುವುದನ್ನು ಬಿಟ್ಟಿದ್ದಾಳೆ. ಮಂಚದಲ್ಲಿ ಅಣ್ಣ ಇನ್ನೂ ಅಂಚಿನಲ್ಲೇ ಮಲಗುತ್ತಾನೆ. ಉಳಿದ ಜಾಗವನ್ನು ಅವನು ಯಾರಿಗೆ ಬಿಟ್ಟಿದ್ದಾನೆಂದು ನಾವು ಕೇಳುವುದಿಲ್ಲ.

ಒಮ್ಮೆ ಮಾತ್ರ ಅವನು ನನ್ನನ್ನು ಕೇಳಿದ. ಹೊಲೆಯದೆ ಬಿಟ್ಟ ಗಾಯದಂತಿದ್ದ ಆ ಮಾತನ್ನು ಅವನು ಅಂಗಡಿಯಿಂದ ಬರುವ ದಾರಿಯಲ್ಲಿ, ನನ್ನ ಮುಖ ನೋಡದೆ ಆಡಿದ.

"ನೀನು ಓದ್ದೋಳು ಪುಟ್ಟಿ. ನೀನೇ ಹೇಳು. ಹೆಲಿಕಾಪ್ಟರ್ ಹತ್ತಲ್ಲ ಅಂತ ನಾನು ಅಲ್ಲೇ ಕೂತಿದ್ರೆ? ರಾಜು ಬರೋವರ್ಗೂ ಕೂತಿದ್ರೆ?"

ಅದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ. ಅವನು ಮಾಡಬೇಕಾದ್ದನ್ನು ಮಾಡಿದ್ದ. ತಂತಿ ಬಿಗಿದ, ಪಟ್ಟಿ ಕಟ್ಟಿದ, ಮೇಲಿನವರಿಗೆ ಹೇಳಿದ, ಮನೆಗೆ ಬಂದ ಮೇಲೂ ಹೇಳಿದ. ಆ ಮಾತು ರಾಜುವನ್ನು ತಲುಪಿದ್ದು ನಿಜವಾದರೆ ನನ್ನ ಅಣ್ಣ ಇಂದೇ ಮಂಚದ ನಡುವೆ ಮಲಗಬಹುದು. ತಲುಪಿಲ್ಲವಾದರೆ ಅಪರಾಧಿ ಯಾರೆಂಬುದು ಅವನಿಗೆ ತಿಳಿಯಬೇಕು. ಏಕೆಂದರೆ ಅಲ್ಲಿಯವರೆಗೆ ಅವನು ಆ ಜಾಗದಲ್ಲಿ ತನ್ನನ್ನೇ ನಿಲ್ಲಿಸಿಕೊಂಡಿರುತ್ತಾನೆ. ನೀವು ಮುಚ್ಚಿಟ್ಟಿರುವ ಸಣ್ಣದೊಂದು ಸತ್ಯದ ಕೂಲಿಯನ್ನು ಅವನು ಪ್ರತಿದಿನ ಮಾಡುತ್ತಿದ್ದಾನೆ.

ಆದ್ದರಿಂದ ಆ ರಿಗ್ಗನ್ನು ನಡೆಸುತ್ತಿದ್ದ ಕಂಪನಿಯ ಆಡಳಿತ ಮಂಡಳಿಯನ್ನೂ, ಕಡಲಿನ ತೈಲ ಕೆಲಸಗಳ ಸುರಕ್ಷತೆಗೆ ಹೊಣೆಯಾದ ಸರ್ಕಾರಿ ಅಧಿಕಾರಿಗಳನ್ನೂ ನಾನು ಈ ಮೂಲಕ ವಿಧಿವತ್ತಾಗಿ ಕೇಳುತ್ತಿದ್ದೇನೆ. ಅಪ್ಪಲರಾಜು ಎಚ್ಚರ ತಪ್ಪಿ ಸತ್ತನೆಂಬ ಹೇಳಿಕೆಯನ್ನು ಹಿಂತೆಗೆದುಕೊಂಡು, ಆ ಸಾವಿನ ಕುರಿತು ಕಂಪನಿಯ ಹೊರಗಿನವರಿಂದ ತನಿಖೆ ನಡೆಸಿ, ಅದರಲ್ಲಿ ನನ್ನ ಅಣ್ಣನ ಸಾಕ್ಷ್ಯವನ್ನು ದಾಖಲಿಸಿಕೊಳ್ಳಿ. ಅವನು ಸ್ವಇಚ್ಛೆಯಿಂದ ಬಿಟ್ಟನೆಂಬ ಸುಳ್ಳನ್ನು ತಿದ್ದಿ. ಹೋಗುವವನೂ ಬರುವವನೂ ಎದುರು ನಿಂತು ಮಾತಾಡದೆ ಯಾವ ಬದಲಿಯೂ ನಡೆಯಕೂಡದೆಂದು ಆದೇಶಿಸಿ, ಅದು ನಡೆಯುವಂತೆ ನೋಡಿಕೊಳ್ಳಿ. ಮತ್ತು ಇದಕ್ಕೆಲ್ಲ ಮೊದಲು, ಪಂಪಿನ ಹತ್ತಿರದ ಜಾಲರಿಯ ವಿಷಯವನ್ನು ರಾಜುವಿಗೆ ಹೇಳಿದವರು ಯಾರು ಎಂಬುದನ್ನು ಹೆಸರು ಸಹಿತ ತಿಳಿಸಿ. ಯಾರೂ ಹೇಳಿರದಿದ್ದರೆ, ಯಾರೂ ಹೇಳಲಿಲ್ಲ ಎಂದೇ ಬರೆದು ಸಹಿ ಮಾಡಿ. ನಿಮ್ಮ ಉತ್ತರ ಎರಡು ಪ್ರತಿಗಳಲ್ಲಿ ಬರಲಿ. ಒಂದು ಕನ್ನಡದಲ್ಲಿ, ಒಂದು ತೆಲುಗಿನಲ್ಲಿ.